ಒಳಕೋಣೆಯ ಫೋನು

ಒಳಕೋಣೆಯ ಪ್ಯಾರಲಲ್ ಫೋನಿಗೆ ನಾನೂರು ರೂಪಾಯಿ, ವೈರಿಗೆ ಅರವತ್ತು, ಗೋಡೆ ಕೊರೆದವನಿಗೆ ಐವತ್ತು ಮತ್ತು ಎರಡು ಲೋಟ ಕಾಫಿ. ಹೆಂಡತಿ ತುಂಗಾಬಾಯಿಯ ಮಂಡಿನೋವಿಗೆಂದು ಮಧ್ವರಾಜರು ಹಾಕಿಸಿದ್ದು. 2004ರ ಆ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಅದರ ಮುಂದೆ ಕುಳಿತಿದ್ದವರು ಸ್ವತಃ ಅವರೇ. ಉಸಿರಾಟ ಕೇಳಿಸದಿರಲೆಂದು ರಿಸೀವರಿನ ಬಾಯಿಗೆ ಟವೆಲು ಒತ್ತಿಕೊಂಡಿದ್ದರು.

ತಾಂಬರಂ ಪಕ್ಕದ ಕ್ರೋಂಪೇಟೆಯ ಅದೇ ಮನೆಯ ಹಾಲಿನಲ್ಲಿ ಮಗಳು ರಂಜನಿ ಅದೇ ಲೈನಿನ ಇನ್ನೊಂದು ಫೋನು ಹಿಡಿದಿದ್ದಳು. ಜರ್ಮನಿಯಿಂದ ಮೂವರು ಸಂಶೋಧನೆಯ ಕೆಲಸಕ್ಕೆ ಅವಳ ಸಂದರ್ಶನ ನಡೆಸುತ್ತಿದ್ದರು. ಪಿಎಚ್.ಡಿ. ಮುಗಿಸಿ ಮುಂಬಯಿಯಲ್ಲಿ ಎರಡು ವರ್ಷ, ಫ್ರಾನ್ಸಿನಲ್ಲಿ ಎರಡು ವರ್ಷ ಸಂಶೋಧನೆ ಮಾಡಿ, ಎರಡೂ ಅವಧಿ ಮುಗಿದು ನಾಲ್ಕು ತಿಂಗಳಿಂದ ಮನೆಯಲ್ಲಿದ್ದಳು. ಇದೂ ತಪ್ಪಿದರೆ ಗಾಮಾ ಕಿರಣಗಳಿಗೆ ಕೈಮುಗಿದು ಹತ್ತಿರದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು.

ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಗಾಮಾ ಕಿರಣ ಗಾಳಿಗೆ ಬಡಿದಾಗ ಕಣ್ಣಿಗೂ ಸಿಗದಷ್ಟು ಕಡಿಮೆ ಹೊತ್ತು ನೀಲಿ ಬೆಳಕು ಮಿಂಚುತ್ತದೆ. ಬೆಳದಿಂಗಳಿಲ್ಲದ ರಾತ್ರಿ ಮರುಭೂಮಿಯಲ್ಲಿ ದೊಡ್ಡ ಕನ್ನಡಿಗಳಿಂದ ಅದನ್ನು ಹಿಡಿದು, ಸಾವಿರ ಮಿಂಚುಗಳಲ್ಲಿ ನಿಜವಾದ ಒಂದನ್ನು ಆರಿಸಬೇಕು. ಅದು ಹೇಗೆಂದು ರಂಜನಿ ತಡವರಿಸದೆ ವಿವರಿಸಿದಳು.

"ಏನಂತೆ ರೀ?" ಬಾಗಿಲಲ್ಲಿ ನಿಂತ ತುಂಗಾಬಾಯಿ ಪಿಸುಗುಟ್ಟಿದರು.

"ಸಾವಿರ ಕಲ್ಲಲ್ಲಿ ಒಂದು ಅಕ್ಕಿಕಾಳು ಹುಡುಕ್ತಾರಂತೆ."

"ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ರೇಷನ್ ಅಕ್ಕಿ ತಂದುಕೊಡಿ, ಇಲ್ಲೇ ಹುಡುಕ್ಲಿ."

ಅಷ್ಟರಲ್ಲಿ ಹಿರಿಯ ಪ್ರೊಫೆಸರರು, "ನಮ್ಮನ್ನು ಏನಾದರೂ ಕೇಳುವುದಿದೆಯೇ?" ಎಂದರು. "ಏನಿಲ್ಲ ಸರ್" ಎಂದಳು ರಂಜನಿ. ಮಧ್ವರಾಜರಿಗೆ ತಡೆಯಲಾಗಲಿಲ್ಲ. ಟವೆಲು ಕೆಳಗೆ ಬಿತ್ತು.

"ಸಾರ್! ಒನ್ ಕ್ವೆಶ್ಚನ್! ಈಸ್ ದಿಸ್ ಪೋಸ್ಟ್ ಪರ್ಮನೆಂಟ್?" ತಾಂಬರಂ ಸ್ಟೇಷನ್ನಿನ ಟಿಕೆಟ್ ಕಿಂಡಿಯ ಹಿಂದೆ ಮೂವತ್ತಾರು ವರ್ಷ ಪಳಗಿದ ಗಂಟಲು ಅದು.

"ಯಾರದು?"

"ಫಾದರ್, ಸಾರ್. ರಿಟೈರ್ಡ್ ರೈಲ್ವೆ."

"ಅಪ್ಪಾ! ಫೋನ್ ಇಡುಪಾ, ಪ್ಲೀಸ್!" ರಂಜನಿ ಹಾಲಿನಿಂದ ಕೂಗಿದಳು.

"ಚುಮ್ಮಾ, ಸುಮ್ನೆ ಒಂದು ಮಾತು ಕೇಳ್ದೆ ಕಣೇ."

ಪ್ರೊಫೆಸರರು ಮೆಲ್ಲಗೆ ಹೇಳಿದರು, "ಎರಡು ವರ್ಷದ ಕೆಲಸ ಸರ್. ಆಮೇಲೆ ಅವರು ಬೇರೆ ಕಡೆ ನೋಡಿಕೊಳ್ಳಬೇಕು."

"ನೀವು ಪರ್ಮನೆಂಟಾ?"

"ಹೌದು. ನಲವತ್ತೇಳನೇ ವಯಸ್ಸಿನಲ್ಲಿ ಆಯಿತು."

"ನನ್ನದು ಇನ್ನೂ ಆಗಿಲ್ಲ" ಎಂದಿತು ಒಂದು ಹೆಣ್ಣುದನಿ. ಮೂರನೆಯವನು ಗಂಟಲು ಸರಿಮಾಡಿಕೊಂಡ. "ನನ್ನದು ಮಾರ್ಚಿಗೆ ಮುಗಿಯುತ್ತದೆ."

"ಮಾರ್ಚಿಗಾ! ಮದುವೆ ಆಗಿದೆಯಾ?"

"ಆಗಿದೆ. ಎರಡು ಮಕ್ಕಳು."

"ವಯಸ್ಸು?"

"ಮೂವತ್ತೆಂಟು."

ಮಧ್ವರಾಜರಿಗೆ ಇಂಗ್ಲಿಷ್ ಮರೆತುಹೋಯಿತು. "ಅಯ್ಯೋ ಪಾಪ, ರೈಲ್ವೆ ಪರೀಕ್ಷೆಗೂ ವಯಸ್ಸು ಮೀರಿಹೋಯ್ತಲ್ಲಪ್ಪಾ!"

"ಏನೆಂದರು?" ಪ್ರೊಫೆಸರರು ಕೇಳಿದರು. ರಂಜನಿ ಕಣ್ಣು ಮುಚ್ಚಿಕೊಂಡು ಅನುವಾದಿಸಿದಳು. ಆ ಕಡೆ ಮೂವರೂ ಒಟ್ಟಿಗೆ ನಕ್ಕರು, ನಗುವಿನ ನಡುವೆ ಲೈನು ಕಡಿದುಹೋಯಿತು.

"ಹೋಯ್ತು. ನಾಳೆಯಿಂದ ಚಾಕ್‌ಪೀಸೇ ಗತಿ" ಎಂದು ರಂಜನಿ ಮೇಜಿಗೆ ತಲೆಯಿಟ್ಟಳು. ಮಧ್ವರಾಜರು ಎರಡು ದಿನ ಮಗಳ ಎದುರಿಗೆ ಬರಲಿಲ್ಲ; ಊಟವನ್ನೂ ಒಳಕೋಣೆಗೇ ತರಿಸಿಕೊಂಡರು.

ಸೋಮವಾರ ಸೈಬರ್ ಕೆಫೆಯಿಂದ ರಂಜನಿ ಓಡಿಬಂದಳು. ಕೆಲಸ ಸಿಕ್ಕಿತ್ತು. ಆ ಮೂರನೆಯವನು ಬೇರೆಯಾಗಿ ಒಂದು ಸಾಲು ಬರೆದಿದ್ದ: "ನಿಮ್ಮ ತಂದೆ ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ಆ ಪರೀಕ್ಷೆ ಬರೆದುಬಿಡುತ್ತಿದ್ದೆ."

ಜರ್ಮನಿಗೆ ಹೋದ ಮೇಲೆ ರಂಜನಿ ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಮಧ್ವರಾಜರು ಅವಳ ಊಟ, ಚಳಿ, ಜ್ವರ ಯಾವುದನ್ನೂ ಮೊದಲು ವಿಚಾರಿಸುವುದಿಲ್ಲ. "ಆ ಮಾರ್ಚಿನ ಹುಡುಗನಿಗೆ ಪರ್ಮನೆಂಟ್ ಏನಾದ್ರೂ ಆಯ್ತೇನೇ?" ಎನ್ನುತ್ತಾರೆ.

ರಂಜನಿಗೆ ಸಿಕ್ಕಿದ್ದು ಎರಡು ವರ್ಷದ ಕೆಲಸ. ಮಧ್ವರಾಜರಿಗೆ ಸಿಕ್ಕಿದ್ದು, ಚಿಂತೆ ಮಾಡಲು ಇನ್ನೊಬ್ಬ ಮಗ.