ಬೀಗಿತ್ತಿಯ ಪದ

ತೊಟ್ಟಿಲ ಹಗ್ಗವನ್ನು ಬೀಗಿತ್ತಿಯ ಕೈಗೆ ಕೊಟ್ಟು, “ನೀವೂ ಒಂದು ಜೋಗುಳದ ಪದ ಏಳ್ರಮ್ಮ, ಮೊಮ್ಮಗಳಿಗೆ” ಅಂದಳು ಪಕ್ಕದ ಮನೆ ರತ್ನಕ್ಕ. ಅಲ್ಲಾಳಸಂದ್ರದ ಆ ಮನೆಯಲ್ಲಿ ನಾಮಕರಣಕ್ಕೆ ನೆರೆದಿದ್ದ ಹೆಂಗಸರೆಲ್ಲ ಮಾತು ನಿಲ್ಲಿಸಿ ಕಿವಿಯಾದರು. ಬೀಗಿತ್ತಿ ವೆಸ್ನಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಮಗಳು, ಬಾಣಂತಿ ಮಿಲಾ, ಕೂತಲ್ಲಿಂದಲೇ ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಿಬಿಟ್ಟಳು: “ಬೇಡ. ಅಮ್ಮ ಹಾಡೋದು ಬೇಡ.” ವೆಸ್ನಾಳಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಹಗ್ಗವನ್ನು ಮೆಲ್ಲಗೆ ಬಿಟ್ಟು ಮಹಡಿ ಮೆಟ್ಟಿಲು ಹತ್ತಿ ಹೋದಳು.

ಮಿಲಾಳ ಅತ್ತೆ ಮುನಿವೆಂಕಟಮ್ಮ ಆ ಹಗ್ಗವನ್ನು ತಾನೇ ಹಿಡಿದು ತೊಟ್ಟಿಲು ತೂಗಿದಳು. ಸರ್ಬಿಯಾದಿಂದ ಬಂದ ಈ ಬೀಗಿತ್ತಿ ಎಂಥವಳೆಂಬುದನ್ನು ಮಗ ಶರತ್ ಫೋನಿನಲ್ಲಿ ತೋರಿಸಿದ್ದ. ಬಣ್ಣದ ಹೊಗೆಯ ನಡುವೆ ಮಿಣಮಿಣ ಮಿಂಚುವ ಕೆಂಪು ಬಟ್ಟೆ, ಗಾಳಿಗೆ ಹಾರುವ ಕೂದಲು, ಕಣ್ಣು ಹರಿಯುವಷ್ಟು ದೂರ ಜನ ಎತ್ತಿದ ಕೈಗಳು. ಹಳ್ಳಿಯ ಪದಗಳಿಗೇ ಡ್ರಮ್ಮು, ಗಿಟಾರು ಕಟ್ಟಿ ದೇಶವನ್ನೆಲ್ಲ ಕುಣಿಸಿದವಳಂತೆ. ಇವಳ ಹಾಡಿಲ್ಲದೆ ಅಲ್ಲಿ ಮದುವೆಯೇ ನಡೆಯುತ್ತಿರಲಿಲ್ಲವಂತೆ. ಹಾಡುವುದನ್ನು ಬಿಟ್ಟು ಮಾತ್ರ ವರ್ಷಗಳೇ ಆದವಂತೆ. ವೆಸ್ನಾ ಅಂದರೆ ವಸಂತ ಎಂದು ಸೊಸೆ ಹೇಳಿದ ದಿನದಿಂದ ಮುನಿವೆಂಕಟಮ್ಮ ಅವಳನ್ನು ವಸಂತಮ್ಮ ಅಂತಲೇ ಕರೆಯುತ್ತಿದ್ದಳು.

ನೆಂಟರೆಲ್ಲ ಹೊರಟ ಮೇಲೆ ಕಾಫಿ ಹಿಡಿದು ಮಹಡಿಗೆ ಹೋದಳು. ಹೊತ್ತು ಮುಳುಗುತ್ತಿತ್ತು. ಮನೆ ಎದುರಿನ ಕೆರೆಯ ನೀರು ಅರಿಶಿನ ಕದಡಿದಂತಾಗಿತ್ತು. ಬೆಳ್ಳಕ್ಕಿಗಳು ಒಂದೊಂದೇ ಬಂದು ಮರಕ್ಕೆ ಇಳಿಯುತ್ತಿದ್ದವು. ವೆಸ್ನಾ ಚಾಪೆಯ ಮೇಲೆ ಕೂತು, ಎಲ್ಲೋ ಬೇರೆ ನೀರನ್ನು ಕಾಣುವವಳಂತೆ ಆ ಕೆರೆಯನ್ನೇ ನೋಡುತ್ತಿದ್ದಳು. ಮುನಿವೆಂಕಟಮ್ಮ, ಬಾಣಂತಿ ಸಂಜೆಗಾಳಿಗೆ ಬರಬಾರದೆಂಬ ತನ್ನ ಕಟ್ಟಳೆಯನ್ನು ತಾನೇ ಮುರಿದು, ಸೊಸೆಯನ್ನು ಕೂಗಿ ಕರೆದಳು. ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು, ಮಗುವನ್ನೆತ್ತಿಕೊಂಡು ಮಿಲಾ ಬಂದು ಚಾಪೆಯ ಅಂಚಿಗೆ ಕೂತಳು.

“ಪದ ಎಂಗೆ ಕಲಿತ್ರಿ ಅಂತ ನಿಮ್ಮಮ್ಮನ್ನ ಕೇಳು. ಯಾಕೆ ಬಿಟ್ರಿ ಅಂತ್ಲೂ ಕೇಳು.”

“ಈಗ್ಯಾಕತ್ತೆ ಅದೆಲ್ಲ?”

“ನಾನು ಕೇಳ್ಬೇಕು. ಅವ್ರಂದಿದ್ದನ್ನ ನೀನು ನಂಗೇಳು, ಅಷ್ಟೇ.”

ವೆಸ್ನಾ ಹೇಳತೊಡಗಿದಳು, ಮಿಲಾ ಅದನ್ನು ಕನ್ನಡಕ್ಕೆ ತರುತ್ತ ಹೋದಳು. ನದಿಯ ಪಕ್ಕದ ಒಂದು ಹಳ್ಳಿ, ಬೆಳ್ಳಗೆ ಹೂಬಿಟ್ಟ ಪ್ಲಮ್ ತೋಟಗಳು. ಯಾರದೋ ಮದುವೆಯಲ್ಲಿ ಊಟದ ಮೇಜಿನ ಮೇಲೆ ಹತ್ತಿ ನಿಂತು ಹಾಡಿದ ಹುಡುಗಿ. ಗದರಲು ಬಂದ ಅಪ್ಪ ಹಾಡು ಕೇಳುತ್ತ ಅಲ್ಲೇ ಅತ್ತುಬಿಟ್ಟಿದ್ದ. ಆಮೇಲೆ ಪಟ್ಟಣ, ಕ್ಯಾಸೆಟ್ಟು, ಬಸ್ಸಿನಲ್ಲೆಲ್ಲ ಅವಳದೇ ದನಿ. ಯುದ್ಧದ ಕಾಲದಲ್ಲಿ ಕರೆಂಟು ಹೋದ ಊರುಗಳಲ್ಲಿ ಮೇಣದಬತ್ತಿ ಹಚ್ಚಿಟ್ಟು ಹಾಡಿದ್ದಳು. ಜನ ಮನೆಗೆ ಹೋಗಲೊಲ್ಲದೆ ಕೂತೇ ಇರುತ್ತಿದ್ದರು. ಕೇಳುತ್ತ ಕೇಳುತ್ತ ಮುನಿವೆಂಕಟಮ್ಮನಿಗೆ ತಾನೂ ಆ ಹೂಬಿಟ್ಟ ತೋಟದಲ್ಲಿ ನಡೆಯುತ್ತಿರುವಂತೆ ಅನ್ನಿಸಿತು. ಇದ್ದಕ್ಕಿದ್ದಂತೆ ಮಿಲಾಳ ಮಾತು ನಿಂತಿತು.

“ಯಾಕೆ ತಾಯಿ? ಏನಂದ್ರು?”

“ನಾನು ಹುಟ್ಟಿದ ಮೇಲೆ ಇನ್ನೂ ದೊಡ್ಡ ಹೆಸರು ಬಂತಂತೆ.” ಮಿಲಾ ಮಗುವನ್ನು ಎದೆಗೊತ್ತಿಕೊಂಡಳು. “ಅಜ್ಜಿ ನನ್ನನ್ನ ಕ್ಯಾಸೆಟ್ ಹಾಕಿ ಮಲಗಿಸ್ತಿದ್ರು ಅತ್ತೆ. ಊರೋರ ಮನೇಲೂ ಅದೇ ಕ್ಯಾಸೆಟ್ಟು, ನಮ್ಮನೇಲೂ ಅದೇ. ಇವರು ಒಂದಿನಾನೂ ನನ್ನ ಪಕ್ಕ ಕೂತು ಹಾಡ್ಲಿಲ್ಲ. ಇವತ್ತು ನಾಲ್ಕು ಜನ ಸೇರಿದ ತಕ್ಷಣ ಬಾಯಿ ತೆಗೆದ್ರಲ್ಲ, ಅದಕ್ಕೇ ಹೊಟ್ಟೆ ಉರೀತು.”

“ಇದನ್ನ ನಂಗೇಳಿದ್ರೆ ಏನ್ ಬಂತು? ಅವ್ರಿಗೇಳು.”

ಮಿಲಾ ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ, ತಾಯಿಯ ಮುಖ ನೋಡದೆ, ತನ್ನ ಭಾಷೆಯಲ್ಲಿ ಹೇಳಿದಳು. ವೆಸ್ನಾ ತಡೆಯದೆ ಕೇಳಿಸಿಕೊಂಡಳು. ಉತ್ತರವಾಗಿ ಅವಳು ಆಡಿದ್ದು ಕೆಲವೇ ಮಾತು. ಅದನ್ನು ಕೇಳಿ ಮಿಲಾ ಬೆರಗಾಗಿ ಅತ್ತೆಯತ್ತ ತಿರುಗಿದಳು.

“ಅಮ್ಮಂಗೆ ಜೋಗುಳಾನೇ ಬರಲ್ವಂತೆ. ಸಾವಿರಾರು ಜನಕ್ಕೆ ಹಾಡೋದು ಗೊತ್ತಿತ್ತು, ಒಬ್ಬಳಿಗೆ ಹಾಡೋದು ಗೊತ್ತಿರ್ಲಿಲ್ಲ ಅಂತಾರೆ. ಅಜ್ಜಿ ತೀರ್ಕೊಂಡ ದಿನಾನೂ ಅಮ್ಮ ಸ್ಟೇಜ್ ಮೇಲೇ ಇದ್ರು. ಅವತ್ತು ಇಳಿದೋರು ಮತ್ತೆ ಹತ್ತಲಿಲ್ಲ. ಇವತ್ತು ಬಾಯಿ ತೆಗೆದಿದ್ದು... ‘ನಂಗೆ ಬರಲ್ಲ’ ಅಂತ ಹೇಳೋಕಂತೆ.”

“ಬರ್ದಿದ್ರೆ ಕಲೀತಾರೆ ಬಿಡು. ಇದೇನ್ ಬ್ರಹ್ಮವಿದ್ಯೆನಾ?” ಅಂದ ಮುನಿವೆಂಕಟಮ್ಮ ಸೊಸೆಯ ಕೈಯಿಂದ ಮಗುವನ್ನು ತೆಗೆದು ಬೀಗಿತ್ತಿಯ ಮಡಿಲಿಗೆ ಹಾಕಿದಳು. “ನಾನೇಳ್ದಂಗೆ ಏಳ್ರಿ ವಸಂತಮ್ಮ. ಜೋ ಜೋ ಕಂದ, ಕೆರೆಯಾಗಿನ ಚಂದ...”

“ಜೊ ಜೊ ಕಾಂದ,” ಅಂದಳು ವೆಸ್ನಾ. ವರ್ಷಗಟ್ಟಲೆ ಮುಚ್ಚಿಟ್ಟ ಬಾಗಿಲು ತೆಗೆದ ಹಾಗೆ ದನಿ ಕಿರುಗುಟ್ಟಿತು. ನಾಚಿ ನಿಲ್ಲಿಸಿದಳು, ಮತ್ತೆ ಹಿಡಿದಳು. ಮುನಿವೆಂಕಟಮ್ಮ ಒಂದು ಸಾಲು, ಅವಳೊಂದು ಸಾಲು. ಬರಬರುತ್ತ ಕನ್ನಡದ ಮಾತುಗಳು ಅವಳ ಬಾಯಲ್ಲಿ ಕರಗಿ ಬೇರೇನೋ ಆದವು. ರಾಗ ಎಲ್ಲೋ ಒಂದು ನದಿಯ ಕಡೆಗೆ ಹೊರಳಿಕೊಂಡಿತು. ಕೆರೆಯಾಚೆಯ ಮನೆಗಳಲ್ಲಿ ದೀಪ ಹತ್ತಿದವು. ಮುನಿವೆಂಕಟಮ್ಮ ತನಗೇ ಗೊತ್ತಿಲ್ಲದೆ ಹೇಳಿಕೊಡುವುದನ್ನು ಬಿಟ್ಟು ಕೇಳುತ್ತ ಕೂತಳು. ಇಷ್ಟು ಸಣ್ಣ ದನಿಯನ್ನು ಆ ದೊಡ್ಡ ಸ್ಟೇಜುಗಳು ಎಂದೂ ಕೇಳಿರಲಾರವು.

ಎಷ್ಟೋ ಹೊತ್ತಿನ ಮೇಲೆ, “ನಿದ್ದೆ ಓಯ್ತಾ?” ಎಂದು ಪಿಸುಗುಟ್ಟುತ್ತ ಮಡಿಲತ್ತ ಬಗ್ಗಿ ನೋಡಿದಳು. ಮಗು ಕಣ್ಣರಳಿಸಿಕೊಂಡು ವೆಸ್ನಾಳ ಬಾಯನ್ನೇ ನೋಡುತ್ತಿತ್ತು. ನಿದ್ದೆ ಹೋಗಿದ್ದವಳು ಮಿಲಾ. ತಾಯಿಯ ತೋಳಿಗೆ ಒರಗಿ, ಬಾಯಿ ಒಂದಿಷ್ಟೇ ತೆರೆದು.