ಗೋಧಿಯ ಸಲಾಮಿ

ಗಂಡ ಲೋಕೇಶನ ಫೋಟೋ ಮುಂದಿನ ಬಾಳೆಲೆಗೆ ಸವಿತಾ ಕೆಂಪನೆಯ ಬಿಲ್ಲೆಗಳನ್ನು ಒಂದೊಂದಾಗಿ ಇಡುತ್ತಿದ್ದಾಗ ಅತ್ತೆ ಹೊನ್ನಮ್ಮ ಅವಳ ಕೈ ಹಿಡಿದುಕೊಂಡರು. "ಇದೇನವ್ವಾ? ನೀನು ಮಾಡೋ ಗೋಧಿದಾ?"

ಸವಿತಾ ತಲೆಯಾಡಿಸಿದಳು. ಅವನು ಹೋದ ಮೇಲಿನ ಮೊದಲ ಪಿತೃಪಕ್ಷ. ಸತ್ತವರು ಆಸೆಪಟ್ಟು ತಿನ್ನುತ್ತಿದ್ದುದನ್ನೇ ಎಡೆಗೆ ಇಡಬೇಕು. ಕೆಂಗಲ್ ಹೈವೇ ಬೇಕರಿಯ ಸಲಾಮಿ, ಆ ಉಪ್ಪುಪ್ಪಾದ ಮಾಂಸದ ಬಿಲ್ಲೆ ಅಂದರೆ ಅವನಿಗೆ ಪ್ರಾಣ. ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು ಅದನ್ನೂ ಉಪ್ಪನ್ನೂ ಮುಟ್ಟಲೇಬೇಡಿ ಅಂದಿದ್ದರು. ಅಂದಿನಿಂದ ಅವಳು ಗೋಧಿಹಿಟ್ಟು ನಾದಿ, ಹಿಟ್ಟಿನ ಬಿಳಿ ಹಾಲೆಲ್ಲ ಹೋಗುವವರೆಗೆ ನೀರಲ್ಲಿ ತೊಳೆದು, ಉಳಿದ ಅಂಟಿಗೆ ಬೀಟ್‌ರೂಟ್ ರಸ, ಮೆಣಸು, ಬೆಳ್ಳುಳ್ಳಿ ಸೇರಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಿದ್ದಳು. ಅವನು ಗೊಣಗುತ್ತಲೇ ತಿನ್ನುತ್ತಿದ್ದ. "ಒಸಿ ಉಪ್ಪಾದ್ರೂ ಹಾಕೇ, ಅಷ್ಟಕ್ಕೆಲ್ಲ ಸಾಯಕ್ಕಿಲ್ಲ ನಾನು." ಅವಳು ಹಾಕುತ್ತಿರಲಿಲ್ಲ. ಇವತ್ತೂ ಹಾಕಿರಲಿಲ್ಲ.

ಹೊನ್ನಮ್ಮ ಸೆರಗಿನ ಮರೆಯಿಂದ ಬೇಕರಿಯ ಪೊಟ್ಟಣ ತೆಗೆದು ಮುಂದೆ ಹಿಡಿದರು. "ಇದನ್ನ ಇಡು."

"ಬ್ಯಾಡ ಅತ್ತೆ, ಅವ್ರ ಎದೆಗೆ..."

"ಇನ್ಯಾವ ಪಥ್ಯ ನನ್ನವ್ವಾ ಅವನಿಗೆ?"

ಸವಿತಾ ಪೊಟ್ಟಣ ಬಿಚ್ಚಿ, ಅದರಲ್ಲಿದ್ದುದನ್ನೆಲ್ಲ ಎಲೆಯ ನಡುವೆ ಜೋಡಿಸಿದಳು. ಎದ್ದು ಹೋಗಿ ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದಳು. ಪಕ್ಕದಲ್ಲಿದ್ದ ತನ್ನ ಗೋಧಿ ಬಿಲ್ಲೆಗಳ ಮೇಲೆ ಒಂದು ಚಿಟಿಕೆ ಉದುರಿಸಿದಳು. ಇನ್ನೊಂದು ಚಿಟಿಕೆ. ಮತ್ತೊಂದು. ಹೊನ್ನಮ್ಮ ಬಂದು ಡಬ್ಬಿ ಕಿತ್ತುಕೊಳ್ಳುವವರೆಗೂ ಅವಳ ಕೈ ನಿಲ್ಲಲಿಲ್ಲ.