ಎಳೆದ ಋಣ

ಕಟಾವು ಮುಗಿದು, ಹೊಲಗಳನ್ನೆಲ್ಲ ಉತ್ತು ಬಿಸಿಲಿಗೆ ಬಿಟ್ಟಿದ್ದ ಕಾಲ. ಊರಂಚಿನ ಶೆಡ್ಡಿನಲ್ಲಿ ಮೆಕ್ಯಾನಿಕ್ಕು ನಾಲ್ಕು ನಮೂನೆಯ ವಾಲ್ವ್ ಸ್ಪ್ರಿಂಗುಗಳನ್ನು ನೆಲದ ಮೇಲಿಟ್ಟು, ಒಂದೊಂದರ ಮೇಲೂ ಹಲಗೆ ಹಾಕಿ, ಹೆಂಡತಿಯ ಅಣ್ಣನನ್ನು ಹತ್ತಿಸುತ್ತಿದ್ದ. ಭಾವ ತೂಕದ ಆಳು. ಹಾಗಾಗಿ ಸ್ಪ್ರಿಂಗು ಆರಿಸಲು ಇವನಿಗಿಂತ ಒಳ್ಳೆಯ ಅಳತೆ ಸಿಗಲಾರದು ಎಂದು ಮೆಕ್ಯಾನಿಕ್ಕಿನ ನಂಬಿಕೆ.

“ಗೋಡೆ ಹಿಡ್ಕೋಬೇಡಿ ಭಾವ. ತೂಕ ಗೋಡೆಗೆ ಹೋಗುತ್ತೆ.”

“ಹೋದ ವರ್ಷವೇ ನನ್ನ ನಿಲ್ಲಿಸಿ ನೋಡಿದ್ರೆ, ನಿನ್ನ ಎಳ್ಕೊಂಡು ಬರೋದು ತಪ್ತಿತ್ತು ಕಣಯ್ಯಾ.”

ಮಾತು ಅಲ್ಲಿಗೇ ಬರುತ್ತದೆಂದು ಮೆಕ್ಯಾನಿಕ್ಕಿಗೆ ಗೊತ್ತಿತ್ತು. ಹೋದ ವರ್ಷದ ಕಾರು ಪಂದ್ಯ ಕಾಲು ಮೈಲಿಯ ನೇರ ಓಟ, ಕೆಮ್ಮಿ ತಲೆಯೆತ್ತುವುದರೊಳಗೆ ಮುಗಿದುಹೋಗುವಂಥದ್ದು. ಕ್ಯಾಮ್‌ಶಾಫ್ಟಿನ ಉಬ್ಬು ವಾಲ್ವನ್ನು ತೆರೆಯಬೇಕು, ಸ್ಪ್ರಿಂಗು ಅದನ್ನು ಮುಚ್ಚಬೇಕು. ಎಂಜಿನ್ನು ವೇಗ ಹಿಡಿದಾಗ ಸೊರಗಿದ ಸ್ಪ್ರಿಂಗಿಗೆ ಮುಚ್ಚಲು ಪುರಸೊತ್ತೇ ಸಿಗದೆ, ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ನು ಬಂದು ಗುದ್ದಿತ್ತು. ಭಾವ ತನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಇಡೀ ಊರು ನೋಡುತ್ತಿರುವಾಗ, ನಡೆಯುವವರಿಗೂ ದಾರಿ ಬಿಡುತ್ತ ಅವನನ್ನು ಮನೆಗೆ ಎಳೆದುತಂದಿದ್ದ. ಅಂದಿನಿಂದ ಊಟಕ್ಕೆ ಬಂದಾಗಲೆಲ್ಲ ತಟ್ಟೆಯ ಮುಂದೆ ಕೂತು ಆ ಮಾತನ್ನೇ ತೆಗೆಯುತ್ತಿದ್ದ. ಈ ವರ್ಷದ ಪಂದ್ಯ ಸೋತರೂ ಸರಿಯೇ, ಈ ಋಣ ತೀರಬೇಕು ಎಂದುಕೊಂಡಿದ್ದ ಮೆಕ್ಯಾನಿಕ್ಕು.

ಕೊನೆಗೆ, ಭಾವ ಕುಣಿದರೂ ಜಗ್ಗದ ಸ್ಪ್ರಿಂಗೊಂದು ಸಿಕ್ಕಿತು. ಕ್ಯಾಮ್‌ಶಾಫ್ಟನ್ನು ಆಗಲೇ ತಂದಾಗಿತ್ತು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಉಬ್ಬಿನದು. “ಸ್ಪ್ರಿಂಗು, ಕ್ಯಾಮ್ ಎರಡನ್ನೂ ಜೋಡಿ ನೋಡಿ ತಗೋಬೇಕು. ಇದನ್ನ ಹಾಕಿದ್ರೆ ಎಂಜಿನ್ನು ನಿಧಾನವಾಗಿ ಓಡೋದೇ ಇಲ್ಲ,” ಎಂದು ಅಂಗಡಿಯವನು ಎಚ್ಚರಿಸಿದ್ದ. “ನಿಧಾನಕ್ಕೆ ನಮ್ಮ ಭಾವನ ಟ್ರ್ಯಾಕ್ಟರಿದೆ,” ಎಂದು ಇವನು ಅದನ್ನೇ ಕಟ್ಟಿಸಿಕೊಂಡು ಬಂದಿದ್ದ.

ಪಂದ್ಯದ ದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟರು ಒಮ್ಮೆ ನರಳಿ ಸುಮ್ಮನಾಯಿತು. ಅಷ್ಟು ಬಿರುಸಾದ ಸ್ಪ್ರಿಂಗುಗಳನ್ನು ಅದುಮಿ ಎಂಜಿನ್ನು ತಿರುಗಿಸುವ ಕಸುವು ಅದಕ್ಕಿರಲಿಲ್ಲ. ಕಾರಿನ ಬ್ಯಾಟರಿ ಬತ್ತಿತು. ಟ್ರ್ಯಾಕ್ಟರಿನ ಬ್ಯಾಟರಿಯಿಂದ ತಂತಿ ಎಳೆದು ಕೊಟ್ಟರು, ಅದೂ ಬತ್ತಿತು. ಪುಣ್ಯಕ್ಕೆ ಟ್ರ್ಯಾಕ್ಟರು ಓಡುತ್ತಲೇ ಇತ್ತು. ಭಾವ ಹಗ್ಗ ತಂದ. ಎಳೆದ ಮೇಲೆ ಎಂಜಿನ್ನು ಊರೇ ಅದುರುವಂತೆ ಹೊತ್ತಿಕೊಂಡಿತು. ಭಾವ ಹಗ್ಗ ಸುತ್ತುತ್ತ ಎರಡು ಬೆರಳು ತೋರಿಸಿದ.

ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದರೆ ಎಂಜಿನ್ನು ಸಾಯುತ್ತದೆ, ಸತ್ತರೆ ಮೂರನೆಯ ಬೆರಳು. ಹಾಗಾಗಿ ಮೆಕ್ಯಾನಿಕ್ಕು ಸ್ನಾನಕ್ಕೆ ಹೋದಾಗ ಹೆಂಡತಿ ಪೆಡಲು ತುಳಿದುಕೊಂಡು ಕಾರಿನಲ್ಲೇ ಈರುಳ್ಳಿ ಹೆಚ್ಚಿದಳು. ರೇಡಿಯೇಟರಿಗೆ ಒದ್ದೆ ಗೋಣಿ ಹೊದಿಸಿ, ಮುಂದೆ ಮನೆಯ ಟೇಬಲ್ ಫ್ಯಾನು ಇಟ್ಟರು. ಅವನು ಕಾರಿನಲ್ಲೇ ಊಟ ಮಾಡಿದ. ಉಪ್ಪು ಬೇಕೆಂದರೂ ಕಿರುಚಬೇಕಿತ್ತು.

ಮಧ್ಯಾಹ್ನ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ಉರುಳಿಸಿ ಹೊತ್ತಿಸಿಕೊಂಡು ಹೊರಟರು. ಭಾವ ಹಗ್ಗ ಹೆಗಲಿಗೇರಿಸಿಕೊಂಡು ಟ್ರ್ಯಾಕ್ಟರಿನಲ್ಲಿ ಮುಂದೆ, ಗಂಡಹೆಂಡಿರು ಅಬ್ಬರಿಸುವ ಕಾರಿನಲ್ಲಿ ಹಿಂದೆ. ರೈಲ್ವೆ ಗೇಟು ಹಾಕಿತ್ತು. ಭಾವ ಜಿಪುಣ, ಡೀಸೆಲ್ ಉಳಿಯಲೆಂದು ಎಂದಿನಂತೆ ಎಂಜಿನ್ ಆರಿಸಿದ. ಗೇಟು ತೆರೆಯಿತು. ಬೆಳಿಗ್ಗೆ ಬತ್ತಿದ ಬ್ಯಾಟರಿ ಇನ್ನೂ ತುಂಬಿರಲಿಲ್ಲ, ಟ್ರ್ಯಾಕ್ಟರು ಕಿಕ್ ಎಂದಿತು, ಅಷ್ಟೇ.

ಹಿಂದೆ ಲಾರಿಗಳ ಹಾರನ್ನು ಶುರುವಾಯಿತು. ಟ್ರ್ಯಾಕ್ಟರನ್ನು ಬಳಸಿಕೊಂಡು ಹೋದರೆ ಮೆಕ್ಯಾನಿಕ್ಕು ಪಂದ್ಯಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದಿತ್ತು. ಭಾವ ಇಳಿಯಲೂ ಇಲ್ಲ, ಕರೆಯಲೂ ಇಲ್ಲ, ಹಗ್ಗವನ್ನು ನೋಡುತ್ತ ಕೂತಿದ್ದ.

“ಅಣ್ಣ ತಾನಾಗಿ ಕೇಳಲ್ಲ ಕಣ್ರೀ,” ಹೆಂಡತಿ ಕಿವಿಯಲ್ಲಿ ಕೂಗಿದಳು. “ಇಂಥ ಹೊತ್ತು ನಿಮಗೆ ಇನ್ನೊಂದು ಸಿಗಲ್ಲ.”

ಅವನು ಕಾರನ್ನು ಟ್ರ್ಯಾಕ್ಟರಿನ ಮುಂದೆ ತಂದು ನಿಲ್ಲಿಸಿ, ಪೆಡಲಿನಿಂದ ಕಾಲು ತೆಗೆಯದೆ ಹೆಂಡತಿಯಿಂದಲೇ ಹಗ್ಗ ಕಟ್ಟಿಸಿದ. ಆಮೇಲೆ ನಿಧಾನವೆಂಬುದು ಅವನ ಕೈಯಲ್ಲಿರಲಿಲ್ಲ. ಉಳುವುದಕ್ಕಾಗಿ ಹುಟ್ಟಿದ ಟ್ರ್ಯಾಕ್ಟರು ಬಸ್ಸೊಂದನ್ನು ಹಿಂದೆ ಹಾಕಿತು. ಅಂಥ ಓಟದಲ್ಲಿ ಗೇರು ಹಾಕಿ ಅದನ್ನು ಹೊತ್ತಿಸಲು ಭಾವನಿಗೆ ಧೈರ್ಯ ಬರಲಿಲ್ಲ. ಕ್ಲಚ್ಚು ತುಳಿದವನು ತುಳಿದೇ ಇದ್ದ. ಪಂದ್ಯದ ಬಯಲು ಬಂದಾಗ ನಿಲ್ಲುವಂತಿರಲಿಲ್ಲ, ನಿಂತರೆ ಟ್ರ್ಯಾಕ್ಟರು ಬೆನ್ನೇರುತ್ತಿತ್ತು. ಬಾವುಟದವನು ಅಭ್ಯಾಸಬಲದಿಂದ ಬಾವುಟ ಇಳಿಸಿದ. ಪಕ್ಕದ ಸಾಲಿನ ಕಾರಿನವನು ಬಾಯಿ ತೆರೆದು ನೋಡುತ್ತ ಹೊರಡುವುದನ್ನೇ ಮರೆತ. ಕಾರು, ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಭಾವ, ಮೂರೂ ಕಾಲು ಮೈಲಿ ದಾಟಿ ಆಚೆಯ ಉತ್ತ ಹೊಲಕ್ಕೆ ನುಗ್ಗಿ ಮಣ್ಣಿನಲ್ಲಿ ಕೂತವು.

“ತೀರ್ತು ಭಾವ,” ಎಂದು ಕೂಗಿದ ಮೆಕ್ಯಾನಿಕ್ಕು, ಹೆಗಲ ಭಾರ ಇಳಿದ ನೆಮ್ಮದಿಯಲ್ಲಿ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟ.

ಬೆಳಗಿನಿಂದ ಮೊದಲ ಸಲ ಹಕ್ಕಿಯ ದನಿ ಕೇಳಿಸಿತು. ಭಾವ ಮರಗಟ್ಟಿದ ಕಾಲನ್ನು ಕೈಯಿಂದ ಎತ್ತಿ ಕ್ಲಚ್ಚಿನಿಂದ ಬಿಡಿಸಿಕೊಂಡ.

“ಹೋದ ವರ್ಷ ನಾನು ನಿನ್ನ ಮೆಲ್ಲಗೆ ಎಳೆದಿದ್ದೆ ಕಣಯ್ಯಾ.”

ಹೆಂಡತಿ ಇಳಿದು, ಸತ್ತ ಕಾರನ್ನು ನೋಡಿದಳು, ಸತ್ತ ಟ್ರ್ಯಾಕ್ಟರನ್ನು ನೋಡಿದಳು. ನಡುವೆ ಮಣ್ಣಿನಲ್ಲಿ ಸಡಿಲಾಗಿ ಬಿದ್ದಿದ್ದ ಹಗ್ಗವನ್ನು ಕೈಗೆತ್ತಿಕೊಂಡಳು.

“ಈಗ ಇದನ್ನ ಯಾವ ಕಡೆಯಿಂದ ಎಳೀತೀರಿ?”